ಹಳೆಯ ಕುಣಿತದ ರಿಕಾರ್ಡುಗಳ ಮರುಮುದ್ರಣ
(ವಾಚನಾಲಯದ ಮಾಸಿಕ ಕೂಟದಲ್ಲಿ ಮಾಡಿದ ಭಾಷಣ)



ಈ ಕೂಟದಲ್ಲಿ ಮಾತನಾಡುವ ಸರದಿ ಈ ತಿಂಗಳು ನನ್ನ ಪಾಲಿಗೆ ಬಂದಿದೆ. ಕಾರ್ಯದರ್ಶಿಗಳು ವಿಷಯವನ್ನು ನನ್ನ ಇಷ್ಟಕ್ಕೇ ಬಿಟ್ಟರು. ನಾನು ಮೆಟ್ರಿಕ್ ಮುಗಿಸಿ ಗಿರಣಿಯ ಲೆಕ್ಕದ ಮೇಜಿಗೆ ಬಂದು ಕುಳಿತವನು. ಸಂಗೀತಶಾಸ್ತ್ರ ಕಲಿತವನಲ್ಲ, ಯಾವ ವಾದ್ಯವೂ ಕೈಗೆ ಹತ್ತಿಲ್ಲ. ಆದರೆ ಹಳೆಯ ರಿಕಾರ್ಡುಗಳನ್ನು, ಅದರಲ್ಲೂ ಪರದೇಶದ ಕುಣಿತದ ರಿಕಾರ್ಡುಗಳ ಮರುಮುದ್ರಣಗಳನ್ನು ಕೂಡಿಡುವ ಚಟವೊಂದು ನನಗುಂಟು. ಅರ್ಥವಾಗದ ಭಾಷೆಯ ಹಾಡಿಗೆ ಸಂಬಳದ ಹಣ ಸುರಿಯುತ್ತೀಯಲ್ಲ ಎಂದು ಕೋಣೆಯ ಜೊತೆಗಾರರು ಕೇಳುತ್ತಾರೆ. ಅವರಿಗೆ ಕೊಡಬೇಕಾದ ಉತ್ತರವನ್ನೇ ಈ ಹೊತ್ತು ತಮ್ಮೆಲ್ಲರ ಮುಂದೆ ಇಡುತ್ತೇನೆ.

ಪುಸ್ತಕದ ಪ್ರತಿಗಳು ತೀರಿಹೋದಾಗ ಪ್ರಕಾಶಕರು ಎರಡನೆಯ ಮುದ್ರಣ ಹಾಕಿಸುವುದನ್ನು ನಾವೆಲ್ಲ ಬಲ್ಲೆವು. ರಿಕಾರ್ಡಿಗೂ ಅದೇ ನಡೆ. ಎಂದೋ ಅಚ್ಚಾಗಿ, ಮಾರಿಯೋ ಮಾರದೆಯೋ ಮರೆತುಹೋದ ರಿಕಾರ್ಡನ್ನು ಹುಡುಕಿ ತೆಗೆದು ಹೊಸದಾಗಿ ಅಚ್ಚು ಹಾಕುತ್ತಾರೆ. ಇದನ್ನೇ ಕಸುಬಾಗಿ ಮಾಡಿಕೊಂಡ ಸಣ್ಣ ಕಂಪನಿಗಳು ಪ್ಯಾರಿಸ್, ಲಂಡನ್, ಚಿಕಾಗೋ ಮುಂತಾದ ಊರುಗಳಲ್ಲಿವೆ. ಅವರು ಹೆಚ್ಚಾಗಿ ಬೆನ್ನು ಹತ್ತಿರುವುದು ಫಂಕ್ ಎಂಬ ಜಾತಿಯ ಸಂಗೀತವನ್ನು. 1960ರ ದಶಕದಲ್ಲಿ ಅಮೆರಿಕದ ಕಪ್ಪು ಜನರ ನಡುವೆ, ಮುಖ್ಯವಾಗಿ ಜೇಮ್ಸ್ ಬ್ರೌನ್ ಎಂಬ ಗಾಯಕನ ಮೇಳದಲ್ಲಿ, ಇದು ರೂಪುಗೊಂಡಿತು. ನಮ್ಮ ಮಾತಿನಲ್ಲಿ ಹೇಳುವುದಾದರೆ ಇದು ಸಮವನ್ನು ನೆಚ್ಚಿದ ಸಂಗೀತ. ನಾಲ್ಕು ಏಟಿನ ಆವರ್ತದಲ್ಲಿ ಮೊದಲ ಏಟಿಗೆ ಎಲ್ಲರೂ ಒಟ್ಟಿಗೆ ಬಂದು ಬೀಳಬೇಕು. ಉಳಿದ ಮೂರರಲ್ಲಿ ಡ್ರಮ್ಮು, ಬೇಸ್ ಗಿಟಾರು, ಕಹಳೆಗಳು ತಮ್ಮ ತಮ್ಮ ಹಾದಿ ಹಿಡಿದು ಹೆಣೆದುಕೊಳ್ಳುತ್ತವೆ. ಮಗ್ಗದ ಸದ್ದಿನಲ್ಲಿ ಹಗಲು ಕಳೆಯುವ ನಮ್ಮವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಕೇಳಿದರೆ ಕಾಲು ತಾನಾಗಿ ಅಲುಗುತ್ತದೆ.

ಈ ನಡೆ ರೇಡಿಯೋ, ರಿಕಾರ್ಡುಗಳ ಮೂಲಕ ನೈಜೀರಿಯ, ಘಾನಾ, ಬ್ರೆಜಿಲ್, ತುರ್ಕಿ ಎಂದು ಎಲ್ಲೆಲ್ಲಿಗೋ ಹೋಗಿ ಆಯಾ ಮಣ್ಣಿನಲ್ಲಿ ಬೇರೆ ಬೇರೆ ಬೆಳೆ ಕೊಟ್ಟಿತು. ಎಲ್ಲವನ್ನೂ ಹೇಳಹೊರಟರೆ ಅಧ್ಯಕ್ಷರು ಗಂಟೆ ಬಾರಿಸುತ್ತಾರೆ. ಆದಕಾರಣ ಇಥಿಯೋಪಿಯ ಒಂದನ್ನೇ ಹಿಡಿಯುತ್ತೇನೆ.

ಆ ದೇಶಕ್ಕೆ ಕಹಳೆಯ ಮೇಳ ಹೋದ ರೀತಿಯೇ ಒಂದು ಕತೆ. 1924ರಲ್ಲಿ, ಮುಂದೆ ಹೈಲೆ ಸೆಲಾಸಿ ಎಂಬ ಹೆಸರಿನಿಂದ ಚಕ್ರವರ್ತಿಯಾದ ರಾಸ್ ತಫಾರಿ ಜೆರೂಸಲೇಮಿಗೆ ಹೋಗಿದ್ದನು. ಅಲ್ಲಿ ನಲವತ್ತು ಮಂದಿ ಅರ್ಮೇನಿಯದ ಅನಾಥ ಹುಡುಗರ ವಾದ್ಯಮೇಳವನ್ನು ಕೇಳಿ ಮೆಚ್ಚಿ, ಅವರನ್ನೂ ಅವರ ಗುರು ಕೆವೋರ್ಕ್ ನಲ್ಬಂದಿಯನ್ನನನ್ನೂ ಆಡಿಸ್ ಅಬಾಬಕ್ಕೆ ಕರೆಸಿಕೊಂಡನು. ಮುಂದೆ ಬಹುಕಾಲ ಅಲ್ಲಿನ ದೊಡ್ಡ ಮೇಳಗಳೆಲ್ಲ ಸೈನ್ಯದವು, ಪೊಲೀಸರವು, ಅಂಗರಕ್ಷಕ ದಳದವು. ವಾದಕನೆಂದರೆ ಸಂಬಳದ ನೌಕರ. 1960ರ ದಶಕದಲ್ಲಿ ಅಸ್ಮಾರದ ಅಮೆರಿಕನ್ ಸೇನಾನೆಲೆಯ ರೇಡಿಯೋ ಮೊದಲಾದವುಗಳಿಂದ ಹೊಸ ಲಯ ಕಿವಿಗೆ ಬಿತ್ತು. ಅದಕ್ಕೆ ತಮ್ಮ ಹಳೆಯ ಐದು ಸ್ವರದ ಧಾಟಿಗಳನ್ನು ಅವರು ಜೋಡಿಸಿದರು. ತಿಜಿತ ಎಂಬ ಧಾಟಿಯ ಒಂದು ಬಗೆಗೆ ನಮ್ಮ ಮೋಹನ ರಾಗದ ಸ್ವರಗಳೇ ಇವೆ. ತಿಜಿತ ಎಂದರೆ ಅವರ ಮಾತಿನಲ್ಲಿ ನೆನಪು, ಹಂಬಲ. ಊರು ಬಿಟ್ಟು ಬಂದವರಿಗೆ ಈ ಶಬ್ದ ಬೇಗ ತಿಳಿಯುತ್ತದೆ.

ಆದರೆ ಆ ದೇಶದಲ್ಲಿ ರಿಕಾರ್ಡು ತರಿಸುವ, ಮಾಡಿಸುವ ಹಕ್ಕು ಚಕ್ರವರ್ತಿಯ ಅಪ್ಪಣೆಯಿಂದ ಒಂದೇ ಸಂಸ್ಥೆಯ ಕೈಯಲ್ಲಿತ್ತು. ಆ ಸಂಸ್ಥೆಯೋ ಹೊಸಬರ ಹಾಡನ್ನು ಅಚ್ಚು ಹಾಕಿಸುವ ಗೋಜಿಗೆ ಹೋಗಲಿಲ್ಲ. 1969ರಲ್ಲಿ ಆಮ್ಹ ಎಷೆಟೆ ಎಂಬ ತರುಣ, ರಿಕಾರ್ಡಿನ ಅಂಗಡಿ ಇಟ್ಟವನು, ಆದದ್ದಾಗಲಿ ಎಂದು ಧೈರ್ಯ ಮಾಡಿದ. ಅಲೆಮಾಯೆಹು ಎಷೆಟೆ ಎಂಬ ಗಾಯಕನ ಎರಡು ಹಾಡುಗಳನ್ನು ಟೇಪಿಗೆ ಹಿಡಿದು ಅಚ್ಚಿಗೆ ಕಳುಹಿಸಿದ. ಎಲ್ಲಿಗೆಂದಿರಿ? ನಮ್ಮ ಭಾರತಕ್ಕೇ! ಪ್ರತಿಗಳು ಬಂದ ಮೇಲೆ ಅಂಗಡಿಯ ಹೊರಗಿನ ಧ್ವನಿವರ್ಧಕದಲ್ಲಿ ಹಾಕಿದಾಗ ಜನ ಬೀದಿಯಲ್ಲೇ ಕುಣಿದರೆಂದು ಆತ ನೆನೆಸಿಕೊಂಡಿದ್ದಾನೆ. 1975ರವರೆಗೆ ಆತ ನೂರಕ್ಕೂ ಮೇಲ್ಪಟ್ಟು ಸಣ್ಣ ರಿಕಾರ್ಡುಗಳನ್ನೂ ಹತ್ತು ಹನ್ನೆರಡು ದೊಡ್ಡ ರಿಕಾರ್ಡುಗಳನ್ನೂ ಹೊರತಂದ. ಅಷ್ಟರಲ್ಲಿ 1974ರ ಕ್ರಾಂತಿಯಾಗಿ ಚಕ್ರವರ್ತಿ ಪದಚ್ಯುತನಾಗಿದ್ದನು. ಸೈನಿಕರ ಆಡಳಿತ ಬಂದು ರಾತ್ರಿ ಕರ್ಫ್ಯೂ ಹಾಕಿತು. ಆಮ್ಹ ಅಮೆರಿಕಕ್ಕೆ ಹೊರಟುಹೋದ. ಅಂಗಡಿಗಳ ಸದ್ದಡಗಿತು.

ಇನ್ನು ಮರುಮುದ್ರಣದ ಸಂಗತಿ. ಫ್ರಾನ್ಸಿನ ಫ್ರಾನ್ಸಿಸ್ ಫಾಲ್ಸೆಟೋ ಎಂಬವರು 1984ರಲ್ಲಿ ಮಹಮೂದ್ ಅಹ್ಮದ್ ಎಂಬ ಇಥಿಯೋಪಿಯದ ಗಾಯಕರ ರಿಕಾರ್ಡೊಂದನ್ನು ಕೇಳಿ ಬೆರಗಾಗಿ, ಮರುವರ್ಷ ಆಡಿಸ್ ಅಬಾಬಕ್ಕೇ ಹೋದರು. ಆ ಹಾಡುಗಳು 1986ರಲ್ಲಿ ಬ್ರಸೆಲ್ಸಿನಿಂದ ಹೊರಬಂದವು. ಮುಂದೆ ಊರುಬಿಟ್ಟಿದ್ದ ಆಮ್ಹನನ್ನು ಕಂಡು, ಒಪ್ಪಿಗೆ ಪಡೆದು, 1997ರಿಂದ ಪ್ಯಾರಿಸಿನ ಬುಡ ಮ್ಯೂಸಿಕ್ ಕಂಪನಿಯ ಮೂಲಕ ‘ಇಥಿಯೋಪಿಕ್ಸ್’ ಎಂಬ ಮಾಲೆಯನ್ನು ಹೊರತಂದರು. ಸುಮಾರು ಮೂವತ್ತು ಸಂಪುಟಗಳಾಗಿವೆ. ನಮ್ಮಲ್ಲಿ ಗ್ರಂಥಮಾಲೆ ಎನ್ನುತ್ತೇವಲ್ಲ, ಅದೇ ಶಿಸ್ತು. ಪ್ರತಿಯೊಂದರ ಜೊತೆಗೂ ಒಂದು ಪುಸ್ತಿಕೆ: ಯಾವ ಇಸವಿ, ಯಾವ ಮೇಳ, ಕಹಳೆ ಊದಿದವರು ಯಾರು, ಹಳೆಯ ಛಾಯಾಚಿತ್ರಗಳು. ನನ್ನ ಮಟ್ಟಿಗೆ ಹಾಡಿನಷ್ಟೇ ಬೆಲೆ ಆ ಪುಸ್ತಿಕೆಗೂ ಇದೆ. ಆಮ್ಹ, ಅಲೆಮಾಯೆಹು ಇಬ್ಬರೂ 2021ರಲ್ಲಿ ತೀರಿಕೊಂಡರು. ಅದಕ್ಕೆ ಮೊದಲೇ ತಮ್ಮ ಹೆಸರು ಪರದೇಶಗಳಲ್ಲಿ ಹಬ್ಬಿದ್ದನ್ನು ಕಂಡಿದ್ದರು.

ಈಗ ಇನ್ನೊಬ್ಬನ ಮಾತು. ನಮ್ಮಂಥ ವಲಸಿಗರಿಗೆ ಇದು ಹತ್ತಿರದ್ದು. ಹೈಲು ಮರ್ಗಿಯ ಎಂಬಾತ ಸೈನ್ಯದಲ್ಲಿ ಅಕಾರ್ಡಿಯನ್ ನುಡಿಸಲು ತೊಡಗಿದವನು. ಮುಂದೆ ವಾಲಿಯಾಸ್ ಎಂಬ ಮೇಳದಲ್ಲಿ ಆಡಿಸ್ ಅಬಾಬದ ಹಿಲ್ಟನ್ ಹೋಟೆಲಿನಲ್ಲಿ ವರ್ಷಾನುಗಟ್ಟಲೆ ನುಡಿಸಿದ. ಕರ್ಫ್ಯೂ ಕಾಲದಲ್ಲಿ ಕೇಳುಗರು ನಡುರಾತ್ರಿ ಮನೆಗೆ ಹೋಗುವಂತಿರಲಿಲ್ಲ. ಬಾಗಿಲು ಹಾಕಿಕೊಂಡು ಬೆಳಗಿನವರೆಗೆ ಕುಣಿಯುತ್ತಿದ್ದರು, ಇವರು ಬೆಳಗಿನವರೆಗೆ ನುಡಿಸುತ್ತಿದ್ದರು. (ನಮ್ಮ ಮೂರನೆಯ ಪಾಳಿಯವರು ನಗುತ್ತಿದ್ದಾರೆ, ಅವರಿಗೆ ಗೊತ್ತು.) 1977ರಲ್ಲಿ ಮೇಳದ ‘ಚೆ ಬೆಲೆವ್’ ಎಂಬ ರಿಕಾರ್ಡು ಬಂತು. 1981ರಲ್ಲಿ ಮೇಳ ಅಮೆರಿಕಕ್ಕೆ ಹೋಯಿತು. ಕೆಲವರು ಹಿಂದಿರುಗಿದರು, ಹೈಲು ವಾಷಿಂಗ್ಟನ್ನಿನಲ್ಲೇ ಉಳಿದ. 1985ರಲ್ಲಿ ಒಬ್ಬನೇ ಕುಳಿತು ಅಕಾರ್ಡಿಯನ್, ವಿದ್ಯುತ್ ಕೀಬೋರ್ಡು, ಡ್ರಮ್ಮಿನ ಯಂತ್ರ ಇಷ್ಟರಲ್ಲೇ ಒಂದು ಕ್ಯಾಸೆಟ್ಟು ಮಾಡಿದ. ಆಮೇಲೆ ಜೀವನೋಪಾಯಕ್ಕೆ ಟ್ಯಾಕ್ಸಿ. ಡಲ್ಲಸ್ ವಿಮಾನ ನಿಲ್ದಾಣದಲ್ಲಿ ಸರದಿಗೆ ಕಾಯುವಾಗ, ಡಿಕ್ಕಿಯಲ್ಲಿಟ್ಟ ಬ್ಯಾಟರಿ ಕೀಬೋರ್ಡನ್ನು ತೆಗೆದು ಸಾಧನೆ ಮಾಡುತ್ತಿದ್ದ. ಹತ್ತಿ ಕುಳಿತವರಿಗೆ ಆತ ಬರಿಯ ಟ್ಯಾಕ್ಸಿಯವನು.

ಬ್ರಯನ್ ಶಿಮ್ಕೊವಿಟ್ಜ್ ಎಂಬ ಅಮೆರಿಕದವರು ಇಥಿಯೋಪಿಯದ ಬಾಹಿರ್ ದಾರ್ ಎಂಬ ಊರಿನಲ್ಲಿ ಆ ಕ್ಯಾಸೆಟ್ಟನ್ನು ಕಂಡು, ಹೆಸರು ಹಿಡಿದು ಹುಡುಕಿ, ದೂರವಾಣಿ ಮಾಡಿ ಒಪ್ಪಿಗೆ ಕೇಳಿದರು. 2013ರಲ್ಲಿ ಅದರ ಮರುಮುದ್ರಣವಾಯಿತು, 2014ರಲ್ಲಿ ‘ಚೆ ಬೆಲೆವ್’ ಕೂಡ. ಈ ಕಂಪನಿಯ ಕ್ರಮವೆಂದರೆ ಖರ್ಚು ಕಳೆದು ಬಂದ ಲಾಭದಲ್ಲಿ ಕಲಾವಿದನಿಗೆ ಅರ್ಧ. ಯುರೋಪಿನಿಂದ ಕಛೇರಿಗಳಿಗೆ ಕರೆ ಬಂತು. 2018ರಲ್ಲಿ ಎಪ್ಪತ್ತು ದಾಟಿದ ಹೈಲು ‘ಲಾಲ ಬೆಲು’ ಎಂಬ ಹೊಚ್ಚಹೊಸ ಮುದ್ರಿಕೆಯನ್ನೇ ಕೊಟ್ಟ.

ಮಿತ್ರರೆ, ನನ್ನ ಉತ್ತರ ಇಲ್ಲಿದೆ. ಮೂಲಪ್ರತಿಯನ್ನೇ ಕೂಡಿಡುವ ಸಿರಿವಂತರು ಮರುಮುದ್ರಣವೆಂದರೆ ಮೂಗು ಮುರಿಯುತ್ತಾರೆ. ಒಂದು ಹಳೆಯ ಪ್ರತಿಗೆ ಅವರು ತೆರುವ ಹಣದಲ್ಲಿ ನಮ್ಮ ತಿಂಗಳುಗಳೇ ಸಾಗುತ್ತವೆ. ಆದರೆ ಆ ಹಣ ಹೋಗುವುದೆಲ್ಲಿಗೆ? ಮಾರಿದ ವ್ಯಾಪಾರಿಗೆ. ನುಡಿಸಿದವನಿಗೆ ಒಂದು ಕಾಸೂ ಮುಟ್ಟುವುದಿಲ್ಲ. ಹಕ್ಕುದಾರನನ್ನು ಕೇಳಿ ಮಾಡಿದ ಮರುಮುದ್ರಣದಲ್ಲಾದರೆ ಮುಟ್ಟುವ ಹಾದಿಯುಂಟು. ಆದುದರಿಂದಲೇ ನಾನು ಎರಡನೆಯ ಮುದ್ರಣದ ಗಿರಾಕಿ, ಅದಕ್ಕೆ ನಾಚಿಕೆಯಿಲ್ಲ.

ಎಲ್ಲ ಮರುಮುದ್ರಣವೂ ಹೀಗೆಯೇ ಎಂದು ತಿಳಿಯಬಾರದು. ಯಾರನ್ನೂ ಕೇಳದೆ ಹಳೆಯ ರಿಕಾರ್ಡಿನಿಂದ ನಕಲಿಳಿಸಿ ಮಾರುವ ಕಳ್ಳ ಅಚ್ಚುಗಳೂ ಇವೆ. ಗುರುತಿಸುವುದು ಹೊದಿಕೆಯನ್ನು ಓದಿ. ಯಾರ ಅನುಮತಿಯಿಂದ ಎಂದು ಬರೆದಿದೆಯೆ? ವಾದಕರ ಹೆಸರಿದೆಯೆ? ಎಲ್ಲಿಂದ ಪಡೆದ ಧ್ವನಿ ಎಂದು ಹೇಳಿದೆಯೆ? ಮೂಲ ಟೇಪು ಸಿಕ್ಕರೆ ಉತ್ತಮ. ಸಿಗದಿದ್ದರೆ ಉಳಿದವುಗಳಲ್ಲಿ ಶುದ್ಧವಾದ ಪ್ರತಿಯನ್ನು ನುಡಿಸಿ ಗೀರಿನ ಸದ್ದನ್ನು ತೆಗೆಯಬೇಕಾಗುತ್ತದೆ. ಪ್ರಾಮಾಣಿಕರು ಅದನ್ನು ಮುಚ್ಚಿಡುವುದಿಲ್ಲ. ಕಾನೂನಿನಲ್ಲಿಯೂ ಧ್ವನಿಮುದ್ರಿಕೆಯ ಹಕ್ಕು ಬೇರೆ, ಹಾಡು ಕಟ್ಟಿದವನ ಹಕ್ಕು ಬೇರೆ. ನಮ್ಮ ದೇಶದಲ್ಲಿ ಮೊದಲನೆಯದು ಪ್ರಕಟವಾದ ಮೇಲೆ 60 ವರ್ಷ. ಎರಡನೆಯದು ಕರ್ತೃವಿನ ಜೀವಮಾನ ಹಾಗೂ ಆಮೇಲೆ 60 ವರ್ಷ.

ನಮ್ಮ ನೆಲದಲ್ಲೂ ಹೀಗೊಬ್ಬರು ಇದ್ದರು. ಮುಂಬಯಿಯ ಚರಣಜಿತ್ ಸಿಂಗ್ ಹಿಂದೀ ಚಿತ್ರಗಳ ವಾದ್ಯವೃಂದದಲ್ಲಿ ಗಿಟಾರು ನುಡಿಸಿದವರು. 1982ರಲ್ಲಿ ಹತ್ತು ರಾಗಗಳನ್ನು ಜಪಾನಿನ ವಿದ್ಯುತ್ ಯಂತ್ರಗಳ ಮೇಲೆ ಡಿಸ್ಕೋ ಲಯಕ್ಕೆ ಹೊಂದಿಸಿ ರಿಕಾರ್ಡು ಮಾಡಿದರು. ಯಾರೂ ಕೊಳ್ಳಲಿಲ್ಲ. ಹಾಲೆಂಡಿನ ಒಬ್ಬರು ಅದರ ಪ್ರತಿಯನ್ನು ದೆಹಲಿಯಲ್ಲಿ ಕಂಡು, ಮುಂಬಯಿಗೆ ಬಂದು ಅವರನ್ನು ಭೇಟಿಯಾಗಿ, 2010ರಲ್ಲಿ ಮರುಮುದ್ರಿಸಿದರು. ಎಪ್ಪತ್ತರ ಹೊತ್ತಿಗೆ ಸಿಂಗರು ಯುರೋಪಿನ ತರುಣರೆದುರು ಆ ರಾಗಗಳನ್ನು ನುಡಿಸಿದರು. 2015ರಲ್ಲಿ ಕಾಲವಾದರು. ಚಿತ್ರಗೀತೆಯ ಹೊದಿಕೆಯಲ್ಲಿ ಗಾಯಕರ, ನಿರ್ದೇಶಕರ ಹೆಸರಿರುತ್ತದೆ. ಗಿಟಾರಿನವನದು ಸಾಮಾನ್ಯವಾಗಿ ಇರುವುದಿಲ್ಲ. ಇಳಯರಾಜರೇ ಮೊದಲು ನಮ್ಮ ಜಿ. ಕೆ. ವೆಂಕಟೇಶರ ಕೈಕೆಳಗೆ ಕನ್ನಡ ಚಿತ್ರಗಳಿಗೆ ಸಹಾಯಕರಾಗಿ ದುಡಿದವರು. ಅವರ ಹಳೆಯ ತಮಿಳು ಹಾಡುಗಳ ಮರುಮುದ್ರಣ ಇಂಗ್ಲೆಂಡಿನಲ್ಲಿ ಆಗಿದೆ. ವೆಂಕಟೇಶರ ವಾದ್ಯವೃಂದದಲ್ಲಿ ಡ್ರಮ್ಮು ಬಾರಿಸಿದವರಾರು ಎಂದು ನಾಳೆ ಯಾರಾದರೂ ಕೇಳಿದರೆ ಕನ್ನಡಿಗರು ಎಲ್ಲಿ ನೋಡಿ ಹೇಳಬೇಕು?

ಈ ಕಾರಣಕ್ಕೆ ತಮ್ಮಲ್ಲಿ ಒಂದು ಬಿನ್ನಹ. ಊರಿನ ಮನೆಗಳಲ್ಲಿ ಹಳೆಯ ಕನ್ನಡ ರಿಕಾರ್ಡುಗಳಿದ್ದರೆ ತೂಕಕ್ಕೆ ಹಾಕಬೇಡಿ. ಒಂದರ ಮೇಲೊಂದು ಪೇರಿಸದೆ ಪುಸ್ತಕದಂತೆ ನಿಲ್ಲಿಸಿಡಿ, ಬಿಸಿಲು ತಾಗದಿರಲಿ. ಹೊದಿಕೆಯಲ್ಲಿ, ನಡುವಿನ ಚೀಟಿಯಲ್ಲಿ ಇರುವ ಹೆಸರು, ಸಂಖ್ಯೆ, ಇಸವಿಗಳನ್ನು ಒಂದು ಕಾಗದದಲ್ಲಿ ಬರೆದು ತಂದುಕೊಡಿ. ಅಂಥ ಮೇಳಗಳಲ್ಲಿ ನುಡಿಸಿದ ಹಿರಿಯರು ಪರಿಚಯವಿದ್ದರೆ, ಯಾವ ಹಾಡು, ಜೊತೆಗೆ ಯಾರಿದ್ದರು ಎಂದು ಕೇಳಿ ಬರೆದುಕೊಳ್ಳಿ. ಇದಕ್ಕೆಂದೇ ಕಪಾಟಿನ ಕೆಳಗಿನ ಅರೆಯಲ್ಲಿ ಒಂದು ದಪ್ಪ ನೋಟುಪುಸ್ತಕ ಇಟ್ಟಿದ್ದೇನೆ.

ಹೊಸ ಮರುಮುದ್ರಣವೊಂದಕ್ಕೆ ಎರಡು ಮೂರು ಸಾವಿರ ರೂಪಾಯಿ ಬೀಳುತ್ತದೆ. ಎಲ್ಲರೂ ಕೊಳ್ಳಿರೆಂದು ನಾನು ಹೇಳುವುದಿಲ್ಲ. ಕೋಣೆಯ ಬಾಡಿಗೆ, ಊರಿಗೆ ಕಳಿಸುವ ಹಣ ಮೊದಲು. ಬರುವ ಭಾನುವಾರ ಸಂಜೆ ಐದಕ್ಕೆ ನನ್ನ ಯಂತ್ರವನ್ನು ಇಲ್ಲಿಗೇ ತರುತ್ತೇನೆ. ಮೊದಲು ‘ಚೆ ಬೆಲೆವ್’, ಆಮೇಲೆ ಸಿಂಗರ ಹತ್ತು ರಾಗ. ಓದುವವರಿಗೆ ತೊಂದರೆಯಾಗದಂತೆ ಹಿಂದಿನ ಕೋಣೆಯಲ್ಲಿ, ಬಾಗಿಲು ಮುಂದೆ ಮಾಡಿಕೊಂಡು ಕೇಳೋಣ. ಎರಡನೆಯ ಪಾಳಿಯವರಿಗಾಗಿ ಅದರ ಮುಂದಿನ ಭಾನುವಾರ ಬೆಳಿಗ್ಗೆ ಒಂಬತ್ತಕ್ಕೆ ಇನ್ನೊಮ್ಮೆ ಹಾಕುತ್ತೇನೆ.