ಡ್ರಾಯಿಂಗ್ ತಿರುಗಿ ಬರಬೇಕು



ವಿನ್ಯಾಸ ಕಲಿಯುವ ಮಕ್ಕಳ ಇಂಟರ್ನ್‌ಶಿಪ್ ಕುರಿತು ಮಾತಾಡಲು ನಾವು ಶಿವಮೊಗ್ಗದ ರಾಗಿಗುಡ್ಡದಲ್ಲಿ ಸೇರಿದ್ದೇವೆ. ಈ ಮಾತಿಗೆ ಇದು ತಕ್ಕ ಜಾಗ. ಭದ್ರಾವತಿ ದಾರಿ ಹಿಡಿದರೆ ನಿದಿಗೆ, ಮಾಚೇನಹಳ್ಳಿಯ ಕೈಗಾರಿಕೆಗಳು ಸಿಗುತ್ತವೆ. ಸಾಗರ ರಸ್ತೆಯ ಕಡೆ ಹೊರಟರೆ ಆಟೋ ಕಾಂಪ್ಲೆಕ್ಸಿನ ಲೇತು, ವೆಲ್ಡಿಂಗ್ ಅಂಗಡಿಗಳ ಸಾಲು. ವಸ್ತುವನ್ನು ಬರೆಯುವವರಿಗೂ ಅದನ್ನು ಮಾಡುವವರಿಗೂ ನಡುವೆ ಇಲ್ಲಿ ಒಂದು ಸಿಟಿ ಬಸ್ಸಿನ ದೂರವಷ್ಟೆ. ಆದರೂ ಇಂಟರ್ನ್‌ಶಿಪ್ ಅಂದ ಕೂಡಲೇ ನಮ್ಮ ಮಕ್ಕಳು ಬೆಂಗಳೂರಿನ ರೈಲು ಹತ್ತುತ್ತಾರೆ. ಹೋಗಬಾರದು ಅಂತ ನಾನು ಹೇಳುವುದಿಲ್ಲ. ಮನೆ ಬಾಗಿಲಲ್ಲಿ ಏನಿದೆ ಎಂದು ನೋಡದೆ ಹೋಗುತ್ತಾರಲ್ಲ, ಅದು ನನ್ನ ಸಂಕಟ.

ಕಸುಬು ಕಲಿಸುವುದರಲ್ಲಿ ಈ ಸೀಮೆಗೆ ದೊಡ್ಡ ಪರಂಪರೆಯೇ ಇದೆ. ಭದ್ರಾವತಿಯ ಕಬ್ಬಿಣದ ಕಾರ್ಖಾನೆ ಉತ್ಪಾದನೆ ಶುರುಮಾಡಿದ್ದು 1923ರ ಜನವರಿಯಲ್ಲಿ. ಕೆಮ್ಮಣ್ಣುಗುಂಡಿಯ ಅದಿರು, ಮಲೆನಾಡಿನ ಸೌದೆಯ ಇದ್ದಿಲು. ಆರಂಭದಲ್ಲಿ ನಷ್ಟ ಕಂಡ ಈ ಕಾರ್ಖಾನೆಯ ಹೊಣೆಯನ್ನು ಅದೇ ವರ್ಷ ವಿಶ್ವೇಶ್ವರಯ್ಯನವರು ಹೊತ್ತರು. 1929ರವರೆಗೆ ನಡೆಸಿದರು. ಹೊರದೇಶದ ತಜ್ಞರು ಮಾಡುತ್ತಿದ್ದ ಕೆಲಸಗಳಿಗೆ ಇಲ್ಲಿನವರನ್ನೇ ತಯಾರು ಮಾಡುವುದು ಅವರ ಹಟವಾಗಿತ್ತು. ಕಾರ್ಖಾನೆ ಲಾಭಕ್ಕೆ ಬರುವ ತನಕ ಸಂಭಾವನೆ ಬೇಡ ಎಂದಿದ್ದರು. ಮುಂದೆ ಸರ್ಕಾರ ಆ ಬಾಕಿ ಹಣ ಕೊಡಲು ಬಂದಾಗ, ಹುಡುಗರಿಗೆ ಕಸುಬು ಕಲಿಸುವ ಸಂಸ್ಥೆ ತೆರೆಯಿರಿ ಎಂದರು. ಬೆಂಗಳೂರಿನಲ್ಲಿ 1943ರಲ್ಲಿ ಶುರುವಾದ ಜಯಚಾಮರಾಜೇಂದ್ರ ಆಕ್ಯುಪೇಷನಲ್ ಇನ್‌ಸ್ಟಿಟ್ಯೂಟ್, ಇಂದು ನಾವು ಎಸ್‌ಜೆಪಿ ಎನ್ನುವ ಪಾಲಿಟೆಕ್ನಿಕ್, ಹುಟ್ಟಿದ್ದು ಹಾಗೆ. ಭದ್ರಾವತಿಯ ದುಡಿಮೆಯ ದುಡ್ಡು ಮಕ್ಕಳ ಕಲಿಕೆಗೆ ಹೋಯಿತು. ಇದನ್ನು ನೆನೆದಾಗಲೆಲ್ಲ ನನ್ನ ಎದೆ ತುಂಬಿ ಬರುತ್ತದೆ.

ಈಗ ಇವತ್ತಿನ ಮಾತಿಗೆ ಬರುತ್ತೇನೆ. ಈ ಭಾಗದ ಒಂದು ಫೌಂಡ್ರಿಯ ಪ್ಯಾಟರ್ನ್ ಶಾಪಿನಲ್ಲಿ ನಾನು ಕಂಡದ್ದು. ಎರಕ ಹೊಯ್ಯುವ ಮೊದಲು ಆ ವಸ್ತುವಿನ ಮಾದರಿಯನ್ನು ಮರದಲ್ಲೋ ಅಲ್ಯೂಮಿನಿಯಂನಲ್ಲೋ ಮಾಡಿ, ಮರಳಿನಲ್ಲಿ ಒತ್ತಿ, ಮೇಲೆತ್ತಿ ಅಚ್ಚು ಮಾಡಿಕೊಳ್ಳುತ್ತಾರೆ. ಆ ಮಾದರಿಯೇ ಪ್ಯಾಟರ್ನ್. ಮೆಕ್ಯಾನಿಕಲ್ ಓದುವ ಒಬ್ಬ ಹುಡುಗಿ ಇಂಟರ್ನ್‌ಶಿಪ್ಪಿಗೆ ಬಂದಿದ್ದಳು. ಕಂಪ್ಯೂಟರಿನಲ್ಲಿ ಒಂದು ಬ್ರಾಕೆಟ್ ಬರೆದು ತಂದಿದ್ದಳು. ನೋಡಲು ಬಹಳ ಅಚ್ಚುಕಟ್ಟು. ಗೋಡೆಗಳು ನೇರ, ಒಳಮೂಲೆಗಳು ಚೂಪು. ಬಡಗಿ ಕೆಲಸದಿಂದ ಪ್ಯಾಟರ್ನ್ ಶಾಪಿಗೆ ಬಂದ ಹಿರಿಯ ಮೇಸ್ತ್ರಿ ಅದನ್ನು ಸುಮಾರು ಹೊತ್ತು ನೋಡಿ, ಒಂದೇ ಪ್ರಶ್ನೆ ಕೇಳಿದರು: “ಇದು ಮರಳಿಂದ ಮೇಲೆ ಹೆಂಗೆ ಬರ್ತದೆ, ಹೇಳಮ್ಮ?”

ಹುಡುಗಿಗೆ ಪ್ರಶ್ನೆಯೇ ಅರ್ಥವಾಗಲಿಲ್ಲ. ಮೇಸ್ತ್ರಿ ವಿವರಿಸುವ ಗೋಜಿಗೆ ಹೋಗಲಿಲ್ಲ. ಪಕ್ಕದಲ್ಲಿದ್ದ ನೇರ ಬದಿಯ ಒಂದು ಮರದ ತುಂಡನ್ನು ಒದ್ದೆ ಮರಳಿನಲ್ಲಿ ಹೂತು, ಸುತ್ತ ಗುದ್ದಿ, ಎತ್ತು ಎಂದರು. ಎತ್ತಿದಳು. ಅಚ್ಚಿನ ಅಂಚೆಲ್ಲ ತುಂಡಿನ ಜೊತೆಗೇ ಉದುರಿ ಬಂತು. ಆಮೇಲೆ ಬದಿಗಳನ್ನು ತುಸು ಓರೆ ಮಾಡಿದ ಇನ್ನೊಂದು ತುಂಡು ಕೊಟ್ಟರು. ಅದು ಮರಳನ್ನು ಕೆಡಿಸದೆ ಸಲೀಸಾಗಿ ಮೇಲೆ ಬಂತು. ಒಂದೆರಡು ಡಿಗ್ರಿಯ ಈ ಓರೆಗೆ ಡ್ರಾಫ್ಟ್ ಎನ್ನುತ್ತಾರೆ. ಆಕೆ ಪಠ್ಯದಲ್ಲಿ ಓದಿ, ಪರೀಕ್ಷೆಯಲ್ಲಿ ಬರೆದಿದ್ದ ವಿಷಯವೇ. ಅವಳ ಸಾಫ್ಟ್‌ವೇರಿನಲ್ಲೂ ಅದನ್ನು ಪರೀಕ್ಷಿಸುವ ಸೌಲಭ್ಯ ಇತ್ತು. ಯಾಕೆ ಬೇಕು ಎಂದು ಕೈಗೆ ಗೊತ್ತಾದ ಮೇಲೆ ತಾನೇ ಆ ಗುಂಡಿ ಒತ್ತುವ ನೆನಪಾಗುವುದು?

ಆಮೇಲೆ ಉಳಿದವು ಒಂದೊಂದಾಗಿ ಬಂದವು. ಚೂಪು ಒಳಮೂಲೆಯಲ್ಲಿ ಲೋಹ ಆರುವಾಗ ಎಳೆತ ಬಿದ್ದು ಬಿರುಕು ಬಿಡುತ್ತದೆ, ಅಲ್ಲಿ ದುಂಡಗೆ ಮಾಡಬೇಕು. ಬೀಡುಕಬ್ಬಿಣ ಆರುತ್ತ ಹೆಚ್ಚುಕಡಿಮೆ ನೂರಕ್ಕೆ ಒಂದು ಪಾಲು ಕುಗ್ಗುತ್ತದೆ. ಮೀಟರ್ ಉದ್ದದ ವಸ್ತು ಬೇಕಾದರೆ ಪ್ಯಾಟರ್ನ್ 10 ಮಿಲಿಮೀಟರ್ ಹೆಚ್ಚು ಉದ್ದವಿರಬೇಕು. ಉಕ್ಕಿಗೆ ಅದರ ಸುಮಾರು ಎರಡರಷ್ಟು. ಪ್ಯಾಟರ್ನ್ ಮಾಡುವವರ ಸ್ಕೇಲಿನಲ್ಲಿ ಈ ಕುಗ್ಗುವಿಕೆ ಮೊದಲೇ ಸೇರಿರುತ್ತದೆ, ಅದರ ಗೆರೆಗಳೇ ಅಷ್ಟು ದೂರ ದೂರ. ಆ ಸ್ಕೇಲನ್ನು ತನ್ನ ಸ್ಕೇಲಿನ ಪಕ್ಕ ಇಟ್ಟು ಆ ಹುಡುಗಿ ನೋಡುತ್ತಿದ್ದ ರೀತಿ ನನ್ನ ಕಣ್ಣಲ್ಲಿ ಇನ್ನೂ ಇದೆ.

ಡ್ರಾಯಿಂಗ್ ಹೀಗೆ ಮತ್ತೆ ಮತ್ತೆ ಅವಳ ಕೈಗೆ ತಿರುಗಿ ಬಂತು. ಪ್ರತಿ ಸಲ ಮೇಸ್ತ್ರಿಯ ಪೆನ್ಸಿಲ್ ಗುರುತು. ಮೊದಮೊದಲು ಮುಖ ಸಪ್ಪೆ ಮಾಡಿಕೊಳ್ಳುತ್ತಿದ್ದವಳು ಆಮೇಲೆ ಎದುರು ಪ್ರಶ್ನೆ ಕೇಳತೊಡಗಿದಳು. ಕೊನೆಗೊಂದು ದಿನ, ಅಚ್ಚು ಎರಡಾಗಿ ಬಿಚ್ಚುವ ಗೆರೆಯನ್ನು ಕೆಳಕ್ಕೆ ತಂದರೆ ಅಚ್ಚಿನೊಳಗೆ ಬೇರೆಯಾಗಿ ಇಡುವ ಮರಳಿನ ತುಂಡು, ಅಂದರೆ ಒಂದು ಕೋರ್, ಬೇಕಾಗುವುದೇ ಇಲ್ಲವಲ್ಲ ಎಂದಳು. ಮೇಸ್ತ್ರಿ ಒಪ್ಪಲಿಲ್ಲ. ವಾದ ನಡೆಯಿತು. ಮರುದಿನ ಬೆಳಿಗ್ಗೆ ಅವರೇ ಬಂದು, “ಆಗ್ತದೆ, ಮಾಡು” ಅಂದರು. ಗಂಡಸರೇ ತುಂಬಿದ್ದ ಶಾಪಿನಲ್ಲಿ ನಿಂತು ಹಿರಿಯರ ಮುಂದೆ ಗೌರವ ಬಿಡದೆ ವಾದ ಮಾಡುವುದನ್ನು ಆಕೆ ಕಲಿತಿದ್ದಳು. ವೃತ್ತಿಯ ಬೆಳವಣಿಗೆ ಯಾವುದು, ವ್ಯಕ್ತಿತ್ವದ್ದು ಯಾವುದು ಎಂದು ಇಲ್ಲಿ ಬೇರೆ ಮಾಡಲು ನನಗೆ ಬರುವುದಿಲ್ಲ. ಎರಡೂ ಆ ಪೆನ್ಸಿಲ್ ಗುರುತುಗಳ ಜೊತೆಗೇ ಆದವು.

ಕಬ್ಬಿಣಕ್ಕಷ್ಟೇ ಈ ಮಾತಲ್ಲ. ಸಾಗರ ತಾಲ್ಲೂಕಿನ ಹೆಗ್ಗೋಡಿನ ಬಳಿ ಭೀಮನಕೋಣೆಯಲ್ಲಿ ‘ಚರಕ’ ಮಹಿಳಾ ಸಹಕಾರ ಸಂಘವಿದೆ. ಕೈಮಗ್ಗದ ಬಟ್ಟೆ, ನೈಸರ್ಗಿಕ ಬಣ್ಣ. ಅಡಿಕೆ ಬೇಯಿಸಿದ ಚೊಗರು ಅಲ್ಲಿ ಬಟ್ಟೆಗೆ ಕೆಂಗಂದು ಬಣ್ಣವಾಗುತ್ತದೆ, ಕಬ್ಬಿಣದ ಅಂಶ ಸೇರಿದರೆ ಕಪ್ಪಿಗೆ ತಿರುಗುತ್ತದೆ. ಪರದೆಯ ಮೇಲೆ ಬಣ್ಣಕ್ಕೊಂದು ನಂಬರ್ ಕೊಟ್ಟು ಸುಮ್ಮನಾಗುವ ಜವಳಿ ವಿನ್ಯಾಸದ ವಿದ್ಯಾರ್ಥಿ ಇಂಥ ಬಣ್ಣದ ಒಲೆಯ ಮುಂದೆ ನಿಂತರೆ, ತನ್ನ ನಂಬರಿನ ಜೊತೆ ಆ ವರ್ಷದ ಅಡಿಕೆ, ನೀರು, ಬೆಂಕಿ ಎಲ್ಲವೂ ಸೇರಿವೆ ಎಂದು ತಿಳಿಯುತ್ತದೆ.

ಆದರೆ ನಮ್ಮಲ್ಲಿ ನಡೆಯುತ್ತಿರುವುದೇನು? ದುಡ್ಡು ಕಟ್ಟಿದರೆ ಸರ್ಟಿಫಿಕೇಟ್ ಕೊಡುವ ಆನ್‌ಲೈನ್ ಇಂಟರ್ನ್‌ಶಿಪ್. ಹಿಂದಿನ ವರ್ಷದವರ ವರದಿಗೆ ಹೆಸರು ಬದಲಿಸಿ ಬೈಂಡ್ ಮಾಡಿಸಿದ ಪುಸ್ತಕ. ಒಳ್ಳೆಯ ಕಂಪನಿಗೆ ಹೋದವರಲ್ಲೂ ಕೆಲವರು ಅಲ್ಲಿದ್ದಷ್ಟು ದಿನ ಒಂದು ಮೂಲೆಯಲ್ಲಿ ಕೂತು ಎದ್ದು ಬಂದಿರುತ್ತಾರೆ. ಇವರ ಡ್ರಾಯಿಂಗ್ ಒಮ್ಮೆಯೂ ಯಾರ ಕೈಯಿಂದಲೂ ತಿರುಗಿ ಬಂದಿರುವುದಿಲ್ಲ. ತಪ್ಪು ಮಕ್ಕಳದ್ದು ಎಂದು ನಾನು ಒಪ್ಪುವುದಿಲ್ಲ. ಅಪ್ರೆಂಟಿಸ್ ಕಾಯ್ದೆ 1961ರಲ್ಲೇ ಬಂತು, ಅದರಡಿ ಕಲಿಯುವವರಿಗೆ ಸ್ಟೈಪೆಂಡ್ ಕೊಡಲೇಬೇಕು. ಕಾಲೇಜಿನಿಂದ ಇಂಟರ್ನ್ ಆಗಿ ಹೋಗುವವರಿಗೆ ಆ ಖಾತ್ರಿಯಿಲ್ಲ. ಹಳ್ಳಿಯ ಮಕ್ಕಳು ಬಸ್ ಚಾರ್ಜು, ಊಟದ ಖರ್ಚು ತಾವೇ ಹಾಕಿಕೊಳ್ಳಬೇಕು. ಎಷ್ಟೋ ಸಣ್ಣ ವರ್ಕ್‌ಶಾಪುಗಳಲ್ಲಿ ಹೆಣ್ಣುಮಕ್ಕಳಿಗೆ ಶೌಚಾಲಯವೇ ಇಲ್ಲ. ಅದೊಂದೇ ಕಾರಣಕ್ಕೆ ಮನೆಯವರು ಮಗಳನ್ನು ಕಳಿಸದಿದ್ದರೆ ಅವರನ್ನು ದೂರುವುದು ಹೇಗೆ? ಈ ಸಂಕಿರಣದಲ್ಲಿ ಪಠ್ಯಕ್ರಮದ ಚರ್ಚೆಗೆ ಮುಂಚೆ ಶೌಚಾಲಯದ ಚರ್ಚೆ ಆದರೆ ನಾನು ಸಂತೋಷಪಡುತ್ತೇನೆ.

ಕಲಿಸುವವರಿಗೇನೂ ನಮ್ಮಲ್ಲಿ ಬರವಿಲ್ಲ. 2023ರ ಜನವರಿಯಲ್ಲಿ ಅದೇ ಭದ್ರಾವತಿ ಕಾರ್ಖಾನೆ, ಈಗಿನ ವಿಐಎಸ್ಎಲ್, ಮುಚ್ಚುವ ನಿರ್ಧಾರ ಹೊರಬಿದ್ದಾಗ ಭದ್ರಾವತಿ ಹೇಗೆ ತಲ್ಲಣಿಸಿತು ಎಂದು ಇಲ್ಲಿರುವ ಎಲ್ಲರಿಗೂ ಗೊತ್ತು. ಆಮೇಲೆ ಕೆಲಸ ಭಾಗಶಃ ಮತ್ತೆ ಶುರುವಾಯಿತು, ಅದು ಸಮಾಧಾನದ ಸಂಗತಿ. ಆ ಕಾರ್ಖಾನೆಯಲ್ಲಿ ಜೀವಮಾನ ಸವೆಸಿ ನಿವೃತ್ತರಾದ ಎಷ್ಟೋ ಮಂದಿ ಅದೇ ಊರಿನಲ್ಲಿದ್ದಾರೆ. ಕರಗಿದ ಲೋಹ ಹೇಗೆ ಹರಿಯುತ್ತದೆ, ಎಲ್ಲಿ ಮುನಿಸಿಕೊಳ್ಳುತ್ತದೆ ಎಂದು ತಿಳಿದವರು. ಅವರನ್ನು ಯಾವ ಕಾಲೇಜೂ ಕರೆದು ಕೂರಿಸಿಲ್ಲದಿದ್ದರೆ ನಷ್ಟ ನಮ್ಮದೇ.

ಹಾಗಾಗಿ ಮೊದಲ ಗೋಷ್ಠಿಯವರಲ್ಲಿ ನನ್ನ ಕೋರಿಕೆ ಇದು. ಇಂಟರ್ನ್‌ಶಿಪ್ ವರದಿಯಲ್ಲಿ ಕಂಪನಿಯ ಇತಿಹಾಸದ ಪುಟಗಳನ್ನು ಕೈಬಿಟ್ಟು, ವಿದ್ಯಾರ್ಥಿಯ ಮೊದಲ ಡ್ರಾಯಿಂಗ್, ತಿದ್ದುಪಡಿಯ ಗುರುತಿರುವ ಪ್ರತಿಗಳು, ಕೊನೆಯ ಡ್ರಾಯಿಂಗ್ ಇಷ್ಟನ್ನೂ ಲಗತ್ತಿಸುವಂತೆ ಮಾಡಲು ಸಾಧ್ಯವೇ ನೋಡಿ. ಮೌಲ್ಯಮಾಪನದ ಹಾಳೆಯಲ್ಲಿ ಮ್ಯಾನೇಜರ್ ಸಹಿಯ ಜೊತೆ, ಕೈ ಹಿಡಿದು ಕಲಿಸಿದ ಮೇಸ್ತ್ರಿಯ ಸಹಿಗೂ ಒಂದು ಜಾಗವಿರಲಿ, ಅವರು ಕೊಡುವ ಅಂಕಕ್ಕೂ ಲೆಕ್ಕವಿರಲಿ. ಅವರ ಸಮಯಕ್ಕೆ ಗೌರವಧನ ಕೊಡಬೇಕಾದವರು ಕಾಲೇಜೋ ಕಾರ್ಖಾನೆಯೋ ಎಂಬ ಪ್ರಶ್ನೆ ಎದ್ದೇ ಏಳುತ್ತದೆ. ಎರಡೂ ಕಡೆಯವರು ಇವತ್ತು ಇಲ್ಲೇ ಇದ್ದೀರಿ. ಸಂಜೆಯೊಳಗೆ ಅದನ್ನು ಮಾತಾಡಿ ತೀರ್ಮಾನಿಸಿ ಎಂದು ಕೇಳಿಕೊಳ್ಳುತ್ತೇನೆ.