ಜಿನೀವಾ ನಗರದ ಸಮ್ಮೇಳನಕ್ಕೆ ಹೊರಡುವವರಿಗೆ

ಹೊರದೇಶದ ಸಮ್ಮೇಳನವೊಂದರಿಂದ ಆಹ್ವಾನಪತ್ರ ಬಂದಿತೆಂದರೆ ಮನೆಯಲ್ಲಿ ಸಡಗರವುಂಟಾಗುವುದು ಸಹಜವೇ. ನೆಂಟರಿಷ್ಟರು ಬಂದು, ಚಳಿಯ ವಿಚಾರವಾಗಿ ಒಬ್ಬರು, ಊಟದ ವಿಚಾರವಾಗಿ ಇನ್ನೊಬ್ಬರು ಬುದ್ಧಿ ಹೇಳುತ್ತಾರೆ. ಉಣ್ಣೆಯ ಬಟ್ಟೆಗಳು ಪೆಟ್ಟಿಗೆ ಸೇರುತ್ತವೆ. ಅವುಗಳ ಮೇಲೆ ಚಟ್ನಿಪುಡಿಯ ಡಬ್ಬಿ ಕೂರುತ್ತದೆ. ಇಷ್ಟೆಲ್ಲ ಸನ್ನಾಹವೂ ಕಟ್ಟಕಡೆಗೆ, ತಿಳಿದವರ ಸಭೆಯೊಂದರ ಮುಂದೆ ಹದಿನೈದು ನಿಮಿಷ ನಿಂತು ನಮ್ಮ ಮಾತನ್ನು ಹೇಳುವುದಕ್ಕಾಗಿ. ಆ ಹದಿನೈದು ನಿಮಿಷಗಳು ಕೈತಪ್ಪದಂತೆ ನೋಡಿಕೊಳ್ಳುವ ಬಗೆ ಹೇಗೆಂಬುದೇ ಈ ಹೊತ್ತಿನ ನಮ್ಮ ಭಾಷಣದ ವಿಷಯ. ಒಮ್ಮೆ ಅವನ್ನು ಕೈಬಿಟ್ಟ ಅನುಭವ ನಮಗುಂಟು. ಆದುದರಿಂದ ಹೇಳುವ ಅಧಿಕಾರವೂ ಸ್ವಲ್ಪ ಇದೆಯೆಂದು ಭಾವಿಸುತ್ತೇವೆ.

ಯಾವುದಾದರೊಂದು ಊರನ್ನು ಕಣ್ಣಮುಂದಿಟ್ಟುಕೊಂಡರೆ ಮಾತು ಸ್ಪಷ್ಟವಾದೀತು. ಸ್ವಿಟ್ಜರ್ಲೆಂಡಿನ ಜಿನೀವಾ ನಗರವನ್ನೇ ತೆಗೆದುಕೊಳ್ಳೋಣ. ವಿಶ್ವಸಂಸ್ಥೆಯ ಯೂರೋಪಿನ ಕಚೇರಿ, ವಿಶ್ವ ಆರೋಗ್ಯ ಸಂಸ್ಥೆ, ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ ಇವೆಲ್ಲವೂ ಅಲ್ಲಿಯೇ ನೆಲೆಸಿರುವುದರಿಂದ ವರ್ಷವೆಲ್ಲ ಒಂದಲ್ಲ ಒಂದು ಸಭೆ ಅಲ್ಲಿ ನಡೆಯುತ್ತಲೇ ಇರುತ್ತದೆ. ಹಿಂದೆ, 1920ರಲ್ಲಿ, ರಾಷ್ಟ್ರಗಳ ಸಂಘದ ಸಭೆಗೆ ನಮ್ಮ ದೇಶದಿಂದ ಹೋದ ಪ್ರತಿನಿಧಿಗಳಲ್ಲಿ ಕ್ರಿಕೆಟ್ ಆಟದಿಂದ ಪ್ರಸಿದ್ಧರಾದ ನವಾನಗರದ ರಣಜಿತ್‌ಸಿಂಹಜೀಯವರೂ ಒಬ್ಬರು. ಆ ಕಾಲದವರು ಮುಂಬಯಿಯಲ್ಲಿ ಹಡಗು ಹತ್ತಿ, ಸುಮಾರು ಎರಡು ವಾರಗಳ ತರುವಾಯ ಮಾರ್ಸೇಲ್ಸಿನಲ್ಲಿ ಇಳಿದು, ಅಲ್ಲಿಂದ ರೈಲು ಹಿಡಿಯುವ ವಾಡಿಕೆ. ಭಾಷಣವನ್ನು ತಿದ್ದುವುದಕ್ಕೂ ನಿದ್ರೆಯನ್ನು ಹೊಂದಿಸಿಕೊಳ್ಳುವುದಕ್ಕೂ ಬೇಕಾದಷ್ಟು ಅವಕಾಶವಿತ್ತು. ಇಂದು ನಾವು ರಾತ್ರಿ ಬೆಂಗಳೂರಿನಲ್ಲಿ ವಿಮಾನ ಹತ್ತಿದರೆ ಮರುದಿನ ಅಲ್ಲಿ ಇಳಿಯುತ್ತೇವೆ. ಮೈ ಬಂದು ತಲುಪಿದರೂ ಮನಸ್ಸು ಇನ್ನೂ ಅರಬ್ಬೀ ಸಮುದ್ರದ ಮೇಲೆಯೇ ಇರುತ್ತದೆ. ಆದಕಾರಣ ಅವರು ಹಡಗಿನಲ್ಲಿ ಮಾಡುತ್ತಿದ್ದ ಸಿದ್ಧತೆಯನ್ನೆಲ್ಲ ನಾವು ಮನೆಯಲ್ಲಿಯೇ ಮುಗಿಸಿಕೊಳ್ಳಬೇಕು.

ಎಲ್ಲಕ್ಕಿಂತ ಮೊದಲು ಹೆಸರಿನ ವಿಚಾರ. ಇದನ್ನು ಯಾವ ನೆಂಟರೂ ಎತ್ತುವುದಿಲ್ಲ. ಹಳೆಯ ಮೈಸೂರಿನ ಕಡೆಯ ನಮ್ಮಲ್ಲಿ ಅನೇಕರಿಗೆ ಮನೆತನದ ಹೆಸರೆಂಬುದು ಇಲ್ಲ. ಹೆಸರಿನ ಮುಂದೆ ಎರಡು ಅಕ್ಷರಗಳಿರುತ್ತವೆ. ಬಹುಮಟ್ಟಿಗೆ ಒಂದು ಊರಿನದು, ಇನ್ನೊಂದು ತಂದೆಯದು. ಧಾರವಾಡ, ಬೆಳಗಾವಿಗಳ ಕಡೆಯವರಿಗೆ ಅಡ್ಡಹೆಸರಿರುವುದರಿಂದ ಈ ತೊಡಕು ಕಡಮೆ. ಪಾಸ್‌ಪೋರ್ಟಿನಲ್ಲಾದರೋ ಅಕ್ಷರಗಳನ್ನು ಬಿಡಿಸಿ ಪೂರ್ತಿಯಾಗಿ ಬರೆಯಬೇಕು. ಮೇಲಾಗಿ ಮನೆತನದ ಹೆಸರಿಗೊಂದು ಸಾಲು, ಇಟ್ಟ ಹೆಸರಿಗೊಂದು ಸಾಲು ಬೇರೆಬೇರೆಯಾಗಿವೆ. ಮೊದಲನೆಯ ಸಾಲಿನಲ್ಲಿ ಕೆಲವರು ತಂದೆಯ ಹೆಸರನ್ನು ತುಂಬುತ್ತಾರೆ, ಕೆಲವರು ಊರನ್ನು ತುಂಬುತ್ತಾರೆ, ಕೆಲವರು ಏನೂ ತೋಚದೆ ಬರಿದಾಗಿ ಬಿಡುತ್ತಾರೆ.

ನಮ್ಮ ಪಾಸ್‌ಪೋರ್ಟಿನ ಆ ಸಾಲಿನಲ್ಲಿದ್ದದ್ದು ಊರಿನ ಹೆಸರು. ಮೊದಲನೆಯ ಸಲ ಜಿನೀವಾಕ್ಕೆ ಹೋದಾಗ ಸಮ್ಮೇಳನದ ಪಟ್ಟಿಯಲ್ಲಿಯೂ ಅದೇ ಸೇರಿಹೋಯಿತು. ಎರಡನೆಯ ದಿನ ಬೆಳಗ್ಗೆ ಸಭೆಯ ಅಧ್ಯಕ್ಷರು ಯಾರನ್ನೋ ಎರಡು ಸಲ ಕರೆದರು. ಫ್ರೆಂಚ್ ನಾಲಗೆಯಲ್ಲಿ ಉರುಳಿ ಬಂದ ಆ ಶಬ್ದ ಪೋಲೆಂಡಿನವರದೋ ಗ್ರೀಸಿನವರದೋ ಹೆಸರಿನಂತೆ ಕೇಳಿಸಿತು. ಪಾಪ, ಯಾರೋ ಬರಲಿಲ್ಲವಲ್ಲಾ ಎಂದು ನಾವೂ ಅಕ್ಕಪಕ್ಕ ನೋಡಿದೆವು. ಅಧ್ಯಕ್ಷರು ಮುಂದಿನವರನ್ನು ಕರೆದುಬಿಟ್ಟರು. ಕರೆದದ್ದು ನಮ್ಮ ಊರನ್ನೆಂದೂ, ಎದ್ದು ನಿಲ್ಲಬೇಕಾಗಿದ್ದವರು ನಾವೆಂದೂ ಹೊಳೆಯುವ ವೇಳೆಗೆ ಇನ್ನೊಬ್ಬರು ವೇದಿಕೆಯ ಮೇಲಿದ್ದರು. ವಿರಾಮದಲ್ಲಿ ಹೋಗಿ ಕ್ಷಮೆ ಬೇಡಿದ ಮೇಲೆ, ಸಂಜೆಯ ಕೊನೆಯಲ್ಲಿ ನಾಲ್ಕು ನಿಮಿಷಗಳನ್ನು ದಯಪಾಲಿಸಿದರು. ಎಂಟು ತಿಂಗಳ ಕೆಲಸವನ್ನು, ಎದ್ದು ಹೋಗುವುದಕ್ಕೆ ಕೋಟು ತೊಡುತ್ತಿದ್ದ ಜನದ ಮುಂದೆ, ನಾಲ್ಕು ನಿಮಿಷದಲ್ಲಿ ಓದಿದೆವು. ತಪ್ಪು ಅವರದಲ್ಲ, ಪಟ್ಟಿಯಲ್ಲಿದ್ದ ಹೆಸರನ್ನೇ ಅವರು ಕರೆದಿದ್ದರು.

ಆದುದರಿಂದ ಹೀಗೆ ಮಾಡತಕ್ಕದ್ದು. ಪಾಸ್‌ಪೋರ್ಟಿನಲ್ಲಿ ಹೇಗಿದೆಯೋ ಹಾಗೆಯೇ, ಒಂದಕ್ಷರವೂ ವ್ಯತ್ಯಾಸವಿಲ್ಲದಂತೆ, ವಿಮಾನದ ಟಿಕೆಟ್ಟು, ವೀಸಾದ ಅರ್ಜಿ, ವಿಮಾಪತ್ರ, ಆಹ್ವಾನಪತ್ರ, ಸಮ್ಮೇಳನದ ನೋಂದಣಿ ಈ ಐದರಲ್ಲಿಯೂ ಹೆಸರು ಬರಬೇಕು. ಅನಂತರ ಸಮ್ಮೇಳನದ ಕಾರ್ಯದರ್ಶಿಗಳಿಗೆ ಬೇರೆಯಾಗಿ ಒಂದು ಕಾಗದ ಬರೆದು, ಸಭೆಯಲ್ಲಿ ತಮ್ಮನ್ನು ಯಾವ ಹೆಸರಿನಿಂದ ಕರೆಯತಕ್ಕದ್ದೆಂಬುದನ್ನು ತಿಳಿಸಬೇಕು. ಮನೆತನದ ಸಾಲು ಬರಿದಾಗಿರುವವರು ಟಿಕೆಟ್ಟು ಕೊಳ್ಳುವ ಮೊದಲೇ ವಿಮಾನದ ಕಂಪೆನಿಯವರನ್ನು ವಿಚಾರಿಸುವುದು ಲೇಸು. 2022ರ ನವಂಬರಿನಲ್ಲಿ ಸಂಯುಕ್ತ ಅರಬ್ ಎಮಿರೇಟ್ಸಿನವರು ಒಂಟಿ ಹೆಸರಿನ ಪಾಸ್‌ಪೋರ್ಟಿಗೆ ಭೇಟಿಯ ವೀಸಾ ಕೊಡುವುದಿಲ್ಲವೆಂದು ಸಾರಿದಾಗ, ದಾರಿಯಲ್ಲಿ ದುಬಾಯಿಯನ್ನು ನೋಡಿಕೊಂಡು ಹೋಗಬೇಕೆಂದಿದ್ದ ನಮ್ಮ ಕಡೆಯವರು ಎಷ್ಟೋ ಮಂದಿ ಪೇಚಿಗೆ ಸಿಕ್ಕಿದರು.

ಇನ್ನು ವೀಸಾ. ಸ್ವಿಟ್ಜರ್ಲೆಂಡು ಯೂರೋಪಿನ ಒಕ್ಕೂಟಕ್ಕೆ ಸೇರಿದ ದೇಶವಲ್ಲ. ಆದರೂ 2008ರಿಂದ ಷೆಂಗೆನ್ ವ್ಯವಸ್ಥೆಯಲ್ಲಿ ಸೇರಿದೆ. ಅರ್ಜಿಯನ್ನು ಪ್ರಯಾಣಕ್ಕೆ ಆರು ತಿಂಗಳಿಂದ ಈಚೆಗೆ, ಹದಿನೈದು ದಿನಗಳಿಗೆ ಮುಂಚಿತವಾಗಿ ಕೊಡಬೇಕೆಂದು ನಿಯಮ. ಹದಿನೈದು ದಿನವೆಂಬುದನ್ನು ನಂಬಿ ಕೂರುವುದು ಬೇಡ. ಕೆಲವು ಸಂದರ್ಭಗಳಲ್ಲಿ ತೀರ್ಮಾನಕ್ಕೆ ನಲವತ್ತೈದು ದಿನಗಳವರೆಗೂ ಹಿಡಿಯಬಹುದೆಂದು ಆ ನಿಯಮದಲ್ಲಿಯೇ ಇದೆ. ಎರಡು ತಿಂಗಳು ಮೊದಲೇ ಕೊಟ್ಟವರಿಗೆ ನಿದ್ರೆ ಚೆನ್ನಾಗಿ ಬರುತ್ತದೆ. ಪಾಸ್‌ಪೋರ್ಟು ಹತ್ತು ವರ್ಷಗಳ ಈಚಿನದಾಗಿರಬೇಕು. ಹಿಂದಿರುಗುವ ದಿನದಿಂದ ಮುಂದಕ್ಕೆ ಕನಿಷ್ಠ ಮೂರು ತಿಂಗಳು ಅದರ ಅವಧಿ ಉಳಿದಿರಬೇಕು. ಎರಡು ಪುಟಗಳಾದರೂ ಖಾಲಿಯಿರಬೇಕು. ವೈದ್ಯಕೀಯ ವಿಮೆ 30,000 ಯೂರೋಗಳಿಗೆ ಕಡಮೆಯಾಗಕೂಡದು. 2024ರ ಜೂನಿನಿಂದ ಶುಲ್ಕ 90 ಯೂರೋ. ವಿಮೆಯ ದಿನಾಂಕಗಳನ್ನು ಹಿಂದೆ ಒಂದು ದಿನ, ಮುಂದೆ ಎರಡು ದಿನ ಹೆಚ್ಚಿಟ್ಟುಕೊಂಡರೆ ವಿಮಾನ ತಡವಾದಾಗ ಎದೆ ಹೊಡೆದುಕೊಳ್ಳುವುದಿಲ್ಲ.

ಬೆಂಗಳೂರಿನಿಂದ ಜಿನೀವಾಕ್ಕೆ ನೇರವಾದ ವಿಮಾನವಿಲ್ಲದುದರಿಂದ ನಡುವೆ ಒಂದು ಕಡೆ ಇಳಿದು ಹತ್ತಬೇಕು. ಕೊಲ್ಲಿಯ ಊರುಗಳಲ್ಲಿ ಬದಲಾಯಿಸಿದರೆ ಪಾಸ್‌ಪೋರ್ಟಿನ ತನಿಖೆ ಜಿನೀವಾದಲ್ಲಿ ನಡೆಯುತ್ತದೆ. ಫ್ರಾಂಕ್‌ಫರ್ಟ್, ಪ್ಯಾರಿಸ್ಸುಗಳಲ್ಲಿ ಬದಲಾಯಿಸಿದರೆ ತನಿಖೆ ಅಲ್ಲಿಯೇ. ಇದನ್ನರಿಯದೆ ನಡುವೆ ಒಂದೇ ಗಂಟೆಯ ಬಿಡುವಿಟ್ಟುಕೊಂಡು ಟಿಕೆಟ್ಟು ಕೊಂಡವರು ಉದ್ದನೆಯ ಸಾಲಿನಲ್ಲಿ ನಿಂತು, ತಮ್ಮ ವಿಮಾನ ಹಾರಿಹೋಗುವುದನ್ನು ಗಾಜಿನ ಕಿಟಕಿಯಿಂದ ನೋಡಬೇಕಾದೀತು. ಗಡಿಯಲ್ಲಿ ಪ್ರಯಾಣಿಕರ ಮುಖಚಿತ್ರವನ್ನೂ ಬಂದುಹೋದ ದಿನಗಳನ್ನೂ ಯಂತ್ರದಲ್ಲಿ ದಾಖಲಿಸುವ ಹೊಸ ಕ್ರಮ 2025ರ ಅಕ್ಟೋಬರಿನಲ್ಲಿ ಆರಂಭವಾದುದರಿಂದ ಮೂರು ಗಂಟೆಯ ಬಿಡುವು ಹೆಚ್ಚೇನೂ ಅಲ್ಲ. ಭಾಷಣದ ಪ್ರತಿಯೊಂದನ್ನು ಕಾಗದದ ಮೇಲೆ ಅಚ್ಚುಹಾಕಿಸಿ ಕೈಚೀಲದಲ್ಲಿಟ್ಟುಕೊಳ್ಳಿರಿ. ದೊಡ್ಡ ಪೆಟ್ಟಿಗೆ ಬೇರೆ ದೇಶಕ್ಕೆ ಹೋದರೂ ಭಾಷಣ ನಿಮ್ಮೊಡನೆ ಇರುತ್ತದೆ.

ಜಿನೀವಾ ವಿಮಾನನಿಲ್ದಾಣದಿಂದ ಊರಿನ ಮುಖ್ಯ ರೈಲುನಿಲ್ದಾಣವಾದ ಕೊರ್ನಾವೆಂಗೆ ರೈಲಿನಲ್ಲಿ ಏಳೇ ನಿಮಿಷ. ಅಲ್ಲಿಂದ ಹೊರಡುವ ರೈಲುಗಳೆಲ್ಲವೂ ಕೊರ್ನಾವೆಂನಲ್ಲಿ ನಿಲ್ಲುತ್ತವೆ. ಯಾವುದನ್ನು ಹತ್ತಿದರೂ ಸರಿ. ಟ್ಯಾಕ್ಸಿಯ ದರ ಕೇಳಿ ನಮ್ಮವರು ಒಂದು ನಿಮಿಷ ಮೌನ ತಾಳುವುದನ್ನು ಕಂಡಿದ್ದೇವೆ. ಹೋಟೆಲುಗಳಲ್ಲಿ ತಂಗುವವರಿಗೆ ಊರಿನ ಬಸ್ಸು, ಟ್ರಾಮು, ಸರೋವರವನ್ನು ದಾಟಿಸುವ ಹಳದಿ ಬಣ್ಣದ ಚಿಕ್ಕ ದೋಣಿಗಳಲ್ಲಿ ಉಚಿತವಾಗಿ ಸಂಚರಿಸುವ ಪತ್ರವನ್ನು ಕೊಡುತ್ತಾರೆ. ಅವರಾಗಿ ಕೊಡದಿದ್ದರೆ ಕೇಳಿ ಪಡೆಯಬೇಕು. ಟ್ರಾಮಿನಲ್ಲಿ ಕಂಡಕ್ಟರಿಲ್ಲ, ಬಾಗಿಲಲ್ಲಿ ತಡೆಯುವವರೂ ಇಲ್ಲ. ಆದುದರಿಂದ ಟಿಕೆಟ್ಟೇ ಬೇಡವೆಂದು ತಿಳಿದವರುಂಟು. ತನಿಖೆಯವರು ಯಾವಾಗ ಬರುವರೆಂದು ಹೇಳಲಾಗದು. ಬಂದರೆ ದಂಡ ಭಾರಿಯಾದದ್ದು. 15ನೆಯ ನಂಬರಿನ ಟ್ರಾಮು ರಾಷ್ಟ್ರಗಳ ಚೌಕಕ್ಕೆ ಹೋಗುತ್ತದೆ. ಅಲ್ಲಿ ಹನ್ನೆರಡು ಮೀಟರ್ ಎತ್ತರದ ಮರದ ಕುರ್ಚಿಯೊಂದು ಕಾಲು ಮುರಿದುಕೊಂಡು ನಿಂತಿರುತ್ತದೆ; ನೆಲದಡಿಯ ಸಿಡಿಮದ್ದಿನಿಂದ ಅಂಗಹೀನರಾದವರ ನೆನಪಿಗಾಗಿ 1997ರಲ್ಲಿ ಅದನ್ನು ನಿಲ್ಲಿಸಿದರು. ಅದರ ಎದುರಿಗೇ ವಿಶ್ವಸಂಸ್ಥೆಯ ಅರಮನೆ. ಎದುರಿಗಿದ್ದರೂ ಸಂದರ್ಶಕರ ಪ್ರವೇಶ ಅಲ್ಲಲ್ಲ. ಮೇಲೆ ಏರಿ ಪ್ರೆಞಿ ದ್ವಾರಕ್ಕೆ ಹೋಗಬೇಕು. ಮೊದಲನೆಯ ದಿನ ಪಾಸ್‌ಪೋರ್ಟು ತೋರಿಸಿ ಬಿಲ್ಲೆ ಪಡೆಯುವ ಸಾಲು ದೊಡ್ಡದು. ಸಭೆ ಹತ್ತು ಗಂಟೆಗೆಂದರೆ ಎಂಟೂವರೆಗೇ ಅಲ್ಲಿರಬೇಕು.

ಊಟದ ವಿಚಾರದಲ್ಲಿ ನೆಂಟರ ಬುದ್ಧಿವಾದ ಪೂರ್ತಿ ಹುಸಿಯಲ್ಲ. ಸಸ್ಯಾಹಾರವೆಂದು ಕೇಳಿದರೆ ಮೀನನ್ನು ತಂದಿಡುವವರು ಇನ್ನೂ ಇದ್ದಾರೆ. 'ಸಾಂ ವಿಯಾಂದ್, ಸಾಂ ಪ್ವಾಸೋಂ', ಎಂದರೆ ಮಾಂಸವಿಲ್ಲದೆ, ಮೀನಿಲ್ಲದೆ ಎಂಬ ಎರಡು ಮಾತುಗಳನ್ನು ಕಲಿತರೆ ಬಹಳ ಅನುಕೂಲ. ಕಟ್ಟುನಿಟ್ಟಿನವರು ಇನ್ನೊಂದನ್ನು ತಿಳಿದಿರಬೇಕು: ಗ್ರುಯೇರ್ ಮೊದಲಾದ ಅಲ್ಲಿನ ಹೆಸರಾಂತ ಗಿಣ್ಣುಗಳಲ್ಲಿ ಹಾಲನ್ನು ಹೆಪ್ಪುಗಟ್ಟಿಸುವುದಕ್ಕೆ ಕರುವಿನ ಹೊಟ್ಟೆಯಿಂದ ತೆಗೆದ ದ್ರವ್ಯವನ್ನು ಬಳಸುತ್ತಾರೆ. ಇದನ್ನು ನಾವು ಮೂರು ಸಲ ಗಿಣ್ಣಿನ ರುಚಿ ನೋಡಿದ ಮೇಲೆ ತಿಳಿದುಕೊಂಡೆವು. ನಮ್ಮ ಮನೆಯವರಿಗೆ ಇಂದಿಗೂ ಹೇಳಿಲ್ಲ, ಈಗ ಈ ಭಾಷಣದ ಮೂಲಕ ತಿಳಿಯುತ್ತದೆ. ಬ್ರೆಡ್ಡು, ಹಣ್ಣು, ಮೊಸರು ಎಲ್ಲ ಅಂಗಡಿಗಳಲ್ಲಿಯೂ ಉತ್ತಮವಾಗಿ ಸಿಕ್ಕುತ್ತವೆ. ಭಾನುವಾರ ಊರಿನ ಅಂಗಡಿಗಳು ಬಹುತೇಕ ಮುಚ್ಚಿರುತ್ತವೆ. ಕೊರ್ನಾವೆಂ ನಿಲ್ದಾಣದೊಳಗಿನವೂ ವಿಮಾನನಿಲ್ದಾಣದಲ್ಲಿರುವವೂ ತೆರೆದಿರುತ್ತವೆ. ಭಾನುವಾರ ಇಳಿದು ಹಸಿದು ಕೂತವರಿಗೆ ಇದೊಂದೇ ವಾಕ್ಯ ಸಾಕು. ನೀರನ್ನು ಕೊಳ್ಳಬೇಕಾಗಿಲ್ಲ. ನಲ್ಲಿಯ ನೀರೂ ಬೀದಿಯ ಕಾರಂಜಿತೊಟ್ಟಿಗಳ ನೀರೂ ಕುಡಿಯಲು ಯೋಗ್ಯ. ಯೋಗ್ಯವಲ್ಲದ ಕಡೆ ಹಾಗೆಂದು ಬರೆದಿರುತ್ತಾರೆ.

ಇಲ್ಲಿಂದ ತೆಗೆದುಕೊಂಡು ಹೋಗುವ ತಿಂಡಿಯಲ್ಲಿಯೂ ವಿವೇಚನೆ ಬೇಕು. ನಮ್ಮಂಥ ದೇಶಗಳಿಂದ ಮಾಂಸವನ್ನೂ ಹಾಲಿನ ಪದಾರ್ಥಗಳನ್ನೂ ಪ್ರಯಾಣಿಕರು ಸ್ವಿಟ್ಜರ್ಲೆಂಡಿಗೆ ಒಯ್ಯಕೂಡದು. ಧಾರವಾಡದ ಪೇಡೆಯೂ ಮನೆಯ ತುಪ್ಪವೂ ಈ ನಿಷೇಧಕ್ಕೆ ಒಳಪಟ್ಟವು. ಹಸಿಯ ಕರಿಬೇವು, ಮಾವಿನಹಣ್ಣುಗಳಿಗೂ ಸಸ್ಯಾರೋಗ್ಯದ ಪ್ರಮಾಣಪತ್ರ ಬೇಕು. ಚಟ್ನಿಪುಡಿ, ಒಗ್ಗರಣೆ ಅವಲಕ್ಕಿಗಳಿಗೆ ಅಡ್ಡಿಯಿಲ್ಲ.

ವಿದ್ಯುತ್ತಿನ ಒತ್ತಡ ನಮ್ಮಂತೆಯೇ 230 ವೋಲ್ಟು. ಆದರೆ ಗೋಡೆಯ ತೂತುಗಳ ಆಕಾರ ಬೇರೆ. ಯೂರೋಪಿನದೆಂದು ನಮ್ಮಲ್ಲಿ ಮಾರುವ ಗುಂಡನೆಯ ದಪ್ಪ ಜೋಡಣೆ ಜರ್ಮನಿಗೆ ಸರಿ, ಸ್ವಿಟ್ಜರ್ಲೆಂಡಿನ ಆರು ಮೂಲೆಯ ಕುಳಿಗೆ ಇಳಿಯದು. ಎರಡು ಸಣ್ಣ ಕಡ್ಡಿಗಳ ಚಪ್ಪಟೆ ಪ್ಲಗ್ಗು ಇಳಿಯುತ್ತದೆ. ಹಣ ಅಲ್ಲಿ ಫ್ರಾಂಕು. ಇಲ್ಲಿಂದ ವಿದೇಶೀ ನೋಟುಗಳನ್ನು 3,000 ಡಾಲರುಗಳಿಗೆ ಸಮನಾದಷ್ಟು ಒಯ್ಯಬಹುದು, ಮಿಕ್ಕದ್ದನ್ನು ಕಾರ್ಡಿನಲ್ಲಿ ತುಂಬಿಸಿಕೊಳ್ಳಬೇಕು. ಕಾಯಿಲೆಗೆ 144, ಪೋಲೀಸಿಗೆ 117. ಎರಡನ್ನೂ ಮರೆತರೆ 112.

ಗಡಿಯಾರವನ್ನು ಬೇಸಗೆಯಲ್ಲಿ ಮೂರೂವರೆ ಗಂಟೆ, ಚಳಿಗಾಲದಲ್ಲಿ ನಾಲ್ಕೂವರೆ ಗಂಟೆ ಹಿಂದಕ್ಕೆ ತಿರುಗಿಸಬೇಕು. ಮಾರ್ಚಿಯ ಕೊನೆಯ ಭಾನುವಾರವೂ ಅಕ್ಟೋಬರಿನ ಕೊನೆಯ ಭಾನುವಾರವೂ ಈ ಲೆಕ್ಕ ಬದಲಾಗುತ್ತದೆ. ಮೊದಲ ಎರಡು ದಿನ ಬೆಳಗಿನ ಮೂರು ಗಂಟೆಗೇ ಎಚ್ಚರವಾಗಿ ಸಂಜೆ ಆರಕ್ಕೆ ಕಣ್ಣು ಎಳೆಯುತ್ತದೆ. ಆದುದರಿಂದ ಭಾಷಣದ ಸರದಿಯನ್ನು ಆರಿಸಿಕೊಳ್ಳುವ ಅವಕಾಶವಿದ್ದರೆ ಬೆಳಗಿನ ಹೊತ್ತನ್ನೇ ಕೇಳಿರಿ. ಸಭೆಗೆ ಒಂದು ದಿನ ಮುಂಚಿತವಾಗಿ ಹೋಗಿ ಸೇರಿರಿ. ಎರಡನೆಯ ಸಲ ನಾವು ಹಾಗೆಯೇ ಮಾಡಿದೆವು. ನಮ್ಮನ್ನು ಹೇಗೆ ಕರೆಯತಕ್ಕದ್ದೆಂದು ಮೊದಲೇ ಬರೆದಿದ್ದೆವು; ಅಷ್ಟು ಸಾಲದೆಂದು, ಸಭೆ ಸೇರುವ ಮುಂಚೆ ಅಧ್ಯಕ್ಷರ ಬಳಿಗೆ ಹೋಗಿ ಹೆಸರನ್ನು ಅವರ ಬಾಯಿಂದ ಎರಡು ಸಲ ಹೇಳಿಸಿದೆವು. ಅವರು ನಕ್ಕರು, ಆದರೆ ಸರಿಯಾಗಿ ಕರೆದರು.

ಹಿಂದಿರುಗುವ ಮುನ್ನ ಕೈಯಲ್ಲುಳಿದ ನಾಣ್ಯಗಳನ್ನು ಅಲ್ಲಿಯೇ ಖರ್ಚುಮಾಡಿಬಿಡಬೇಕು. ಇಲ್ಲಿನ ಹಣ ಬದಲಾಯಿಸುವವರು ನೋಟನ್ನಲ್ಲದೆ ನಾಣ್ಯವನ್ನು ಮುಟ್ಟುವುದಿಲ್ಲ. ಕೊರ್ನಾವೆಂ ನಿಲ್ದಾಣದಲ್ಲಿ ಚಾಕೊಲೇಟು ಕೊಂಡರೆ ಆಯಿತು. ಅದೂ ಹಾಲಿನ ಪದಾರ್ಥವೇ ಆದರೂ ನಮ್ಮ ಸುಂಕದವರು ಇದುವರೆಗೆ ಅದನ್ನು ತಡೆದದ್ದಿಲ್ಲ.