ಮುಗಿಲು ಎಲ್ಲರದು, ಸಾಲ ಮಾತ್ರ ಒಬ್ಬನದೇ?

(ಕಮಠಾಣದ ರೈತರ ಸಭೆಯಲ್ಲಿ ಆಡಿದ ಮಾತುಗಳ ಬರಹರೂಪ)



ನಾವು ಕೂಡಿದಾಗಲೆಲ್ಲ ಬೆಲೆಯ ಮಾತು, ಸಾಲದ ಮಾತು ಆಡುತ್ತೇವೆ. ಆಡಲೇಬೇಕು. ಆದರೆ ಅವುಗಳ ಬೆನ್ನಿಗೇ ಇರುವ, ಯಾರೂ ಬಾಯಿಬಿಟ್ಟು ಹೇಳದ ಸಂಗತಿ ಎರಡಿವೆ. ಒಂದು, ಮುಗಿಲು ನೋಡಿದರೆ ಹುಟ್ಟುವ ಅಂಜಿಕೆ. ಇನ್ನೊಂದು, ಆ ಅಂಜಿಕೆಯನ್ನು ಒಬ್ಬೊಬ್ಬನೇ ಎದೆಯೊಳಗೆ ಇಟ್ಟುಕೊಂಡು ಕೂಡ್ರುವುದು. ಇವತ್ತು ಇವೆರಡರ ಬಗ್ಗೆ ಮಾತಾಡೋಣ.

ಮಿರಗ ಬಿದ್ದರೆ ಹೆಸರು, ಉದ್ದು, ತೊಗರಿ ಬಿತ್ತುವುದು ನಮ್ಮ ಹಿರಿಯರ ಲೆಕ್ಕ. ಈಗ ಆ ಲೆಕ್ಕ ಕೂಡುವುದಿಲ್ಲ. ಬಿತ್ತುವ ಹೊತ್ತಿಗೆ ಮಳೆ ಇಲ್ಲ, ಹೆಸರು ಬಿಡಿಸುವ ಹೊತ್ತಿಗೆ ಬಿಡದ ಮಳೆ. 2016ರ ಏಪ್ರಿಲ್‌ನಲ್ಲಿ ನಮ್ಮ ಪಕ್ಕದ ಲಾತೂರಿಗೆ ಮೀರಜ್‌ನಿಂದ ರೈಲಿನಲ್ಲಿ ಕುಡಿಯುವ ನೀರು ಬಂತು. ಲಾತೂರಿಗೆ ನೀರು ಕೊಡುವ ಮಾಂಜ್ರಾ ಬತ್ತಿಹೋಗಿತ್ತು. 2025ರ ಮಳೆಗಾಲದಲ್ಲಿ ಅದೇ ಮಾಂಜ್ರಾ ಉಕ್ಕಿ ಭಾಲ್ಕಿ, ಔರಾದ ಕಡೆಯ ಹೊಲಗಳಿಗೆ ನುಗ್ಗಿತು. ಹತ್ತು ವರ್ಷದೊಳಗೆ ಎರಡೂ ಕಂಡೆವು.

ವಿಜ್ಞಾನಿಗಳು ಹೇಳುವುದು ಇಷ್ಟು: ಗಾಳಿಯ ಬಿಸಿ ಒಂದು ಡಿಗ್ರಿ ಏರಿದರೆ ಅದು ಸುಮಾರು ನೂರಕ್ಕೆ ಏಳರಷ್ಟು ಹೆಚ್ಚು ನೀರಿನ ಆವಿ ಹಿಡಿಯುತ್ತದೆ. ಹಿಡಿದದ್ದನ್ನು ಸುರಿಯುವಾಗ ಒಮ್ಮೆಲೇ ಸುರಿಯುತ್ತದೆ. ಗಾಳಿಯನ್ನು ಕಾಯಿಸಿದವರು ಯಾರು? ನೂರೈವತ್ತು ವರ್ಷದಿಂದ ಕಲ್ಲಿದ್ದಲು, ಎಣ್ಣೆ ಸುಟ್ಟು ಶ್ರೀಮಂತರಾದ ದೇಶಗಳ ಪಾಲೇ ಅದರಲ್ಲಿ ದೊಡ್ಡದು. ನಾಲ್ಕೆಕರೆಯವನ ಒಲೆಯ ಹೊಗೆ ಅಲ್ಲ. ಆದರೂ ಬೆಳೆ ಹೋದರೆ ನಮ್ಮವ ಹಣೆ ಮುಟ್ಟಿಕೊಂಡು "ನನ್ನ ನಸೀಬ" ಅನ್ನುತ್ತಾನೆ. ಬೇರೆಯವರು ಮಾಡಿದ್ದನ್ನು ತನ್ನ ಪಾಪ ಅಂತ ತಿಳಿದು ತಲೆ ತಗ್ಗಿಸುತ್ತಾನೆ. ಏಕಾಂಗಿತನ ಶುರುವಾಗುವುದೇ ಅಲ್ಲಿಂದ.

ಇದು ಎಲ್ಲಿಗೆ ಹೋಗಿ ಮುಟ್ಟುತ್ತದೆ ಎಂಬುದನ್ನು ಬೀದರ ಜಿಲ್ಲೆಗೆ ಯಾರೂ ಬಂದು ಕಲಿಸಬೇಕಾಗಿಲ್ಲ. 1997-98ರಲ್ಲಿ ಅಕಾಲದ ಮಳೆ ಮತ್ತು ಕಾಯಿಕೊರಕ ಹುಳ ಕೂಡಿ ತೊಗರಿಯನ್ನು ತಿಂದುಹಾಕಿದವು. ಎಣ್ಣೆ ಹೊಡೆದಷ್ಟೂ ಸಾಲ ಏರಿತು, ಹುಳ ಸಾಯಲಿಲ್ಲ. ಆ ವರ್ಷ ನಮ್ಮ ಜಿಲ್ಲೆಯ ರೈತರ ಆತ್ಮಹತ್ಯೆಗಳ ಸುದ್ದಿ ರಾಜ್ಯವನ್ನೇ ನಡುಗಿಸಿತು. ಮುಂದೆ ಸರ್ಕಾರ ಡಾ. ಜಿ.ಕೆ. ವೀರೇಶ್ ಅವರ ಸಮಿತಿ ಮಾಡಿತು. 2002ರಲ್ಲಿ ಬಂದ ಅದರ ವರದಿ ಕಾರಣಗಳ ಪಟ್ಟಿಯಲ್ಲಿ ಕುಡಿತಕ್ಕೆ ದೊಡ್ಡ ಜಾಗ ಕೊಟ್ಟಿತು. ಯಾಕೆ ಕುಡಿದ ಅಂತ ಕೇಳಬೇಕಲ್ಲವೇ?

ಅದನ್ನು ಕೇಳಿದವರು ಸಮಾಜಶಾಸ್ತ್ರ ಬಲ್ಲ ಎ.ಆರ್. ವಸವಿ. ಬೀದರದ ಈ ಸಾವುಗಳ ಬಗ್ಗೆ 1999ರಲ್ಲಿ ಬರೆದರು, 2012ರಲ್ಲಿ ಪುಸ್ತಕವನ್ನೂ ತಂದರು. ಅವರ ಮಾತಿನ ಸಾರ ನಮಗೆ ಗೊತ್ತಿರುವುದೇ. ಮೊದಲು ಬೀಜ ಯಾವುದು, ಬಿತ್ತುವುದು ಯಾವಾಗ ಎಂಬುದು ಊರಿನ ತಿಳಿವಳಿಕೆಯಾಗಿತ್ತು. ಈಗ ರೈತ ಒಬ್ಬನೇ ತೀರ್ಮಾನ ಮಾಡುತ್ತಾನೆ. ಎಣ್ಣೆ ಮಾರುವ ಅಂಗಡಿಯವನೇ ಸಲಹೆಗಾರ, ಅವನೇ ಉದ್ರಿ ಕೊಡುವವನು. ಲುಕ್ಸಾನ ಆದಾಗಲೂ ರೈತ ಒಬ್ಬನೇ.

ಹಾಗಂತ ಹಳೆಯ ಕಾಲ ಬಂಗಾರದ್ದಾಗಿತ್ತು ಅಂತ ನಾನು ಹೇಳುವುದಿಲ್ಲ. ಅಂದಿನ ಕಟ್ಟೆಯ ಮೇಲೆ ಎಲ್ಲ ಜಾತಿಯವರಿಗೂ ಜಾಗ ಇರಲಿಲ್ಲ. ಆದರೆ ಒಂದೆತ್ತಿನವರು ಇಬ್ಬರು ಕೂಡಿ ಜೋಡಿ ಮಾಡಿ ಬಿತ್ತುತ್ತಿದ್ದರು. ಇಂದು ಬಾಡಿಗೆ ಟ್ರ್ಯಾಕ್ಟರ್ ಬರುತ್ತದೆ, ತಾಸಿನ ಲೆಕ್ಕ ಹಾಕಿ ಹೋಗುತ್ತದೆ.

ಏಕಾಂಗಿತನ ಅಂದರೆ ಮನೆಯಲ್ಲಿ ಮಂದಿ ಇಲ್ಲ ಅಂತಲ್ಲ. ಮಗ ಹೈದರಾಬಾದಿನಲ್ಲೋ ಪುಣೆಯಲ್ಲೋ ಇರಬಹುದು, ಮನೆ ತುಂಬ ಮಂದಿಯೂ ಇರಬಹುದು. ಆದರೂ ಸಾಲ ಕೊಟ್ಟವ ಕಂಡಾನು ಅಂತ ಅಪ್ಪ ಬೇರೆ ದಾರಿ ಹಿಡಿಯುತ್ತಾನೆ. ಆಯೇರಿ ಮಾಡಲು ರೊಕ್ಕ ಇಲ್ಲ ಅಂತ ಮದುವೆಗೆ ಹೋಗುವುದಿಲ್ಲ. ಕಟ್ಟೆಗೆ ಬರುವುದು ನಿಲ್ಲಿಸುತ್ತಾನೆ. ಇದು ಪಟ್ಟಣದವರ ಬೇನೆ ಅಂತ ತಿಳಿಯಬೇಡಿ. ಜಗತ್ತಿನಲ್ಲಿ ಆರು ಮಂದಿಯಲ್ಲಿ ಒಬ್ಬರಿಗೆ ಇದು ಇದೆ ಅಂತ ವಿಶ್ವ ಆರೋಗ್ಯ ಸಂಸ್ಥೆ 2025ರಲ್ಲಿ ಹೇಳಿದೆ.

ಇದಕ್ಕೆ ಮದ್ದು ಏನು? ನಮ್ಮ ಚಳವಳಿಯೇ ಒಮ್ಮೆ ತೋರಿಸಿಕೊಟ್ಟಿದೆ. 1980ರ ನರಗುಂದ-ನವಲಗುಂದ ಬಂಡಾಯದ ನಂತರ ಊರೂರಲ್ಲಿ ರೈತ ಸಂಘ ಹುಟ್ಟಿತು. ಸಾಲಕ್ಕೆ ಜಪ್ತಿ ಮಾಡಿದ ಸಾಮಾನನ್ನು ರೈತರು ಒಟ್ಟಾಗಿ ಹೋಗಿ ವಾಪಸ್ ತಂದರು. ಸಾಮಾನು ಬಂದದ್ದು ಒಂದು ಲಾಭ. ಸಾಲದ ನಾಚಿಕೆ ಹೋದದ್ದು ಅದಕ್ಕಿಂತ ದೊಡ್ಡ ಲಾಭ. ನಮ್ಮ ಜಿಲ್ಲೆಯ ಹೆಣ್ಣುಮಕ್ಕಳನ್ನೂ ನೋಡ್ರಿ. ಡಿಸಿಸಿ ಬ್ಯಾಂಕಿನ ಮೂಲಕ 1990ರ ದಶಕದಿಂದ ಸ್ವಸಹಾಯ ಸಂಘ ಕಟ್ಟಿದರು. ಅವರು ಕೂಡುತ್ತಾರೆ, ಯಾರ ಮನೆಯಲ್ಲಿ ಏನು ಕಷ್ಟ ಅಂತ ಅವರಿಗೆ ಗೊತ್ತಾಗುತ್ತದೆ. ಗಂಡಸರಿಗೆ ಅಂಥ ಜಾಗ ಎಲ್ಲಿದೆ?

ಆದ್ದರಿಂದ ತಿಂಗಳಿಗೊಮ್ಮೆ, ಅಮಾವಾಸ್ಯೆಯ ದಿನ ಕೂಡ್ರೋಣ. ಎಳ್ಳಮಾಸಿಯ ದಿನ ಹೊಲದಲ್ಲಿ ಭಜ್ಜಿ, ಅಂಬಲಿ ಹಂಚಿಕೊಂಡು ಉಣ್ಣುವ ನಮಗೆ ಇದು ಹೊಸದಲ್ಲ. ಅಲ್ಲಿ ಮೂರು ಕೆಲಸ.

ಒಂದು, ಯಾರ ಸಾಲ ಎಷ್ಟು ಅಂತ ಬಾಯಿಬಿಟ್ಟು ಹೇಳುವುದು. ಕೇಳಿದವರು ನಗಬಾರದು.

ಎರಡು, ಬೆಳೆ ವಿಮೆ. ವಿಮೆ ಮಾಡಿಸಿದ ಹೊಲಕ್ಕೆ ಆಲಿಕಲ್ಲು ಬಿದ್ದರೆ, ಕೊಯ್ದು ಹರವಿದ ಬೆಳೆ ಎರಡು ವಾರದೊಳಗೆ ಅಕಾಲದ ಮಳೆಗೆ ನೆನೆದರೆ, 72 ತಾಸಿನೊಳಗೆ ತಿಳಿಸಬೇಕು. ಎದೆಗುಂದಿ ಮಲಗಿದವನಿಗೆ ಇದು ನೆನಪಾಗುವುದಿಲ್ಲ. ಪಕ್ಕದ ಹೊಲದವ ನೆನಪಿಸಬೇಕು.

ಮೂರು, ಪರಿಹಾರ ಮತ್ತು ಬೆಲೆ. 2025ರ ಹಾನಿಗೆ ಮಳೆಯಾಶ್ರಿತ ಬೆಳೆಗೆ ಹೆಕ್ಟೇರಿಗೆ 8,500 ರೂಪಾಯಿ ಕೇಂದ್ರದ ನಿಯಮ. ರಾಜ್ಯ ಮತ್ತೆ 8,500 ಸೇರಿಸಿ 17,000 ಅಂತ ಘೋಷಿಸಿತು. ಎಕರೆಗೆ ಏಳು ಸಾವಿರವೂ ಆಗಲಿಲ್ಲ. ಬೀಜ, ಗೊಬ್ಬರ, ಕಳೆ, ಕೂಲಿಯ ಲೆಕ್ಕ ನೀವೇ ಹಾಕಿರಿ. 2025-26ಕ್ಕೆ ಸೋಯಾಬೀನ್ ಬೆಂಬಲ ಬೆಲೆ 5,328 ರೂಪಾಯಿ ಅಂತ ಕಾಗದದ ಮೇಲೆ ಇತ್ತು. ಅಡತಿಯಲ್ಲಿ ನಿಮ್ಮ ಕೈಗೆ ಬಂದದ್ದು ಎಷ್ಟು? ಈ ಅಂತರವನ್ನು ಒಬ್ಬೊಬ್ಬನೇ ಕೇಳಿದರೆ ಗೊಣಗಾಟ, ಕೂಡಿ ಕೇಳಿದರೆ ಚಳವಳಿ.

ರಾತ್ರಿ ನಿದ್ದೆ ಬಾರದೆ ಕೆಟ್ಟ ವಿಚಾರ ತಲೆಗೆ ಬಂದರೆ 14416ಕ್ಕೆ ಫೋನ್ ಹಚ್ಚಿರಿ. ಅದು ಸರ್ಕಾರದ ಟೆಲಿ ಮಾನಸ್, ರೊಕ್ಕ ಬೀಳುವುದಿಲ್ಲ, ಕನ್ನಡದಲ್ಲಿ ಮಾತಾಡುತ್ತಾರೆ. ಆದರೆ ಅದಕ್ಕೂ ಮೊದಲು ಪಕ್ಕದ ಮನೆಯ ಬಾಗಿಲು ತೆರೆದಿರಬೇಕು.

ಇವತ್ತಿನ ಸಭೆಗೆ ಬಾರದವರು ಯಾರು ಅಂತ ಒಮ್ಮೆ ಎಣಿಸಿ ನೋಡ್ರಿ. ಊರಿಗೆ ಹೋದವರನ್ನು ಬಿಡ್ರಿ. ಊರಲ್ಲೇ ಇದ್ದೂ ಬಾರದವನ ಮನೆಗೆ ಇಬ್ಬರು ಹೋಗಿ ಬರ್ರಿ.